ನೂರು ಜನ ಇದ್ದರೂ ಪ್ರೋಗ್ರೆಸ್ಸಿವ್ ಕಾಕಸ್ ಮಾತು ಯಾಕೆ ನಡೆಯಲ್ಲ?

ರಾಘು_ಸನ್ನಿವೇಲ್

ಎಲ್ಲರಿಗೂ ನಮಸ್ಕಾರ. ನಮ್ಮ ಕ್ಷೇತ್ರದ ಹೌಸ್ (ಅಮೆರಿಕ ಸಂಸತ್ತಿನ ಕೆಳಮನೆ) ಸದಸ್ಯರು ರೋ ಖನ್ನಾ. ಅವರ ಹೆಸರಿನ ಜೊತೆ ಯಾವಾಗಲೂ ‘ಕಾಂಗ್ರೆಷನಲ್ ಪ್ರೋಗ್ರೆಸ್ಸಿವ್ ಕಾಕಸ್ ಸದಸ್ಯ’ ಅಂತ ಇರುತ್ತದೆ. ಇದೇನು, ಪಕ್ಷದೊಳಗೆ ಇನ್ನೊಂದು ಪಕ್ಷವಾ?

ಕಾಕಸ್‌ನಲ್ಲಿ ಹೆಚ್ಚುಕಡಿಮೆ ನೂರು ಜನ ಇದ್ದಾರೆ. ಹೌಸ್‌ನ ಡೆಮಾಕ್ರಟಿಕ್ ಸದಸ್ಯರಲ್ಲಿ ಅರ್ಧಕ್ಕೆ ಹತ್ತಿರ. ಅಷ್ಟಿದ್ದೂ ಎಲ್ಲರಿಗೂ ಸರ್ಕಾರಿ ಆರೋಗ್ಯ ವಿಮೆ ಬರಲಿಲ್ಲ. ಫೆಡರಲ್ ಕನಿಷ್ಠ ಕೂಲಿ 2009ರಿಂದ ಗಂಟೆಗೆ 7.25 ಡಾಲರಿಗೇ ನಿಂತಿದೆ. ಆ ಕಡೆ ರಿಪಬ್ಲಿಕನ್ ಪಕ್ಷದೊಳಗಿನ ಬಲಪಂಥದ ಫ್ರೀಡಂ ಕಾಕಸ್ ನೋಡಿ. ನಲವತ್ತರ ಆಸುಪಾಸು ಜನ. 2015ರಲ್ಲಿ ಸ್ಪೀಕರ್ ಜಾನ್ ಬೇನರ್ ಅವರನ್ನೇ ಮನೆಗೆ ಕಳಿಸಿದರು. ಎಡದವರಿಗೆ ಇದು ಯಾಕೆ ಆಗಲ್ಲ? ಗೊತ್ತಿದ್ದವರು ಹೇಳಿ. ಬೈದಾಡಿಕೊಳ್ಳೋದು ಬೇಡ.

ತುಂಗಾತೀರ

ಪಕ್ಷ ಅಲ್ಲ ರಾಘು. ಒಂದೇ ಪಕ್ಷದೊಳಗೆ ಒಂದೇ ಥರ ಯೋಚಿಸುವ ಶಾಸಕರು ಕಟ್ಟಿಕೊಂಡ ಕೂಟ. ಚುನಾವಣಾ ಚಿಹ್ನೆ ಇಲ್ಲ, ಟಿಕೆಟ್ ಕೊಡುವ ಅಧಿಕಾರ ಇಲ್ಲ.

ಶುರುವಾಗಿದ್ದು 1991ರಲ್ಲಿ, ಆರು ಜನರಿಂದ. ವರ್ಮಾಂಟಿನ ಬರ್ನಿ ಸ್ಯಾಂಡರ್ಸ್ ಆಗಷ್ಟೇ ಪಕ್ಷೇತರರಾಗಿ ಗೆದ್ದು ಹೌಸ್‌ಗೆ ಬಂದಿದ್ದರು. ಜೊತೆಗೆ ಕ್ಯಾಲಿಫೋರ್ನಿಯಾದ ರಾನ್ ಡೆಲಮ್ಸ್ ಮತ್ತು ಮ್ಯಾಕ್ಸೀನ್ ವಾಟರ್ಸ್, ಒರೆಗಾನ್‌ನ ಪೀಟರ್ ಡಿಫಾಜಿಯೊ, ಇಲಿನಾಯ್‌ನ ಲೇನ್ ಇವಾನ್ಸ್, ಮೇನ್‌ನ ಟಾಮ್ ಆಂಡ್ರೂಸ್. ಅಂದರೆ ಡೆಮಾಕ್ರಟಿಕ್ ಪಕ್ಷದ ಎಡ ಗುಂಪಿಗೆ ಮೊದಲ ಮುಖ್ಯಸ್ಥನಾದವನು ಆ ಪಕ್ಷದ ಸದಸ್ಯನೇ ಅಲ್ಲ! ಸ್ಯಾಂಡರ್ಸ್ ಆಮೇಲೆ ಮೇಲ್ಮನೆಯಾದ ಸೆನೆಟ್‌ಗೆ ಹೋದರೂ ಕಾಕಸ್ ಬಿಡಲಿಲ್ಲ. ಅದರಲ್ಲಿರುವ ಸೆನೆಟರ್ ಅವರೊಬ್ಬರೇ.

1995ರಲ್ಲಿ ನಲವತ್ತು ವರ್ಷದ ನಂತರ ರಿಪಬ್ಲಿಕನ್ನರಿಗೆ ಹೌಸ್ ಸಿಕ್ಕಿತು. ಸ್ಪೀಕರ್ ನ್ಯೂಟ್ ಗಿಂಗ್ರಿಚ್ ಬಂದವರೇ ಒಂದು ಕೆಲಸ ಮಾಡಿದರು. ಇಂಥ ಕೂಟಗಳು ಹೌಸ್ ದುಡ್ಡಿನಲ್ಲಿ ತಮ್ಮದೇ ಆಫೀಸು, ಸಿಬ್ಬಂದಿ ಇಟ್ಟುಕೊಳ್ಳುವ ವ್ಯವಸ್ಥೆಯನ್ನೇ ತೆಗೆದುಹಾಕಿದರು. ಇದು ಚಿಕ್ಕ ವಿಷಯ ಅಂತ ಕಾಣುತ್ತದೆ, ಆದರೆ ಅಲ್ಲ. ಮಸೂದೆ ಅಂದರೆ ಸಾವಿರಾರು ಪುಟ. ಅದನ್ನು ಓದಿ ‘ಇಲ್ಲಿ ಮೋಸ ಇದೆ’ ಅಂತ ಹೇಳೋಕೆ ಜನ ಬೇಕು. ಆ ಜನ ಇಲ್ಲದಿದ್ದರೆ ಪಕ್ಷದ ನಾಯಕರು ಹೇಳಿದ್ದನ್ನೇ ನಂಬಬೇಕು. ಪ್ರೋಗ್ರೆಸ್ಸಿವ್ ಕಾಕಸ್ ಆಮೇಲೆ ಹೊರಗೆ ಲಾಭರಹಿತ ಸಂಸ್ಥೆಯೊಂದರ ನೆರವು ಪಡೆದು ಇದನ್ನು ಒಂದಿಷ್ಟು ಸರಿಮಾಡಿಕೊಂಡಿತು.

ನಿಮ್ಮ ‘ನೂರು ಜನ’ದ ಲೆಕ್ಕಕ್ಕೆ ಬರೋಣ. ತುಂಬಾ ವರ್ಷ ಇಲ್ಲಿ ಸೇರೋದು ಸಲೀಸಿತ್ತು. ಸೇರಿದ ಮೇಲೆ ಹೇಗೆ ಮತ ಹಾಕಿದರೂ ಕೇಳುವವರಿಲ್ಲ. ಇದೇ ಕಾಕಸ್‌ನಲ್ಲೂ, ವ್ಯಾಪಾರಸ್ಥರಿಗೆ ಹತ್ತಿರವಾದ ನ್ಯೂ ಡೆಮಾಕ್ರಟ್ ಕೂಟದಲ್ಲೂ ಹೆಸರು ಕೊಟ್ಟವರಿದ್ದಾರೆ. ಫ್ರೀಡಂ ಕಾಕಸ್ ಹಾಗಲ್ಲ. ಅಲ್ಲಿ ಕರೆದರೆ ಮಾತ್ರ ಒಳಗೆ. ಐದರಲ್ಲಿ ನಾಲ್ಕು ಪಾಲು ಜನ ಒಪ್ಪಿದರೆ ಉಳಿದವರೂ ಅದೇ ಮತ ಹಾಕಬೇಕು.

ಗುಂಡಣ್ಣ

ಅಂದರೆ ಎದೆ ಮೇಲೆ ಬ್ಯಾಡ್ಜ್ ಹಾಕಿಕೊಳ್ಳುವ ಕ್ಲಬ್ಬು. ಗೊತ್ತಾಯಿತು ಬಿಡಿ.

ಶೈಲಜಾ_ಸಿಯಾಟಲ್

ಗುಂಡಣ್ಣ, 2020ರ ತನಕ ಅಂದರೆ ನಾನೂ ಒಪ್ಪುತ್ತೇನೆ. ಆ ವರ್ಷದ ಕೊನೆಗೆ ನಿಯಮ ಬಿಗಿ ಮಾಡಿದರು. ಮೊದಲು ಇಬ್ಬರು ಸಹಮುಖ್ಯಸ್ಥರು ಇರುತ್ತಿದ್ದರು. ಅದನ್ನು ಬಿಟ್ಟು ಒಬ್ಬರನ್ನೇ ಇಟ್ಟರು. ಮೂರನೇ ಎರಡು ಪಾಲು ಸದಸ್ಯರು ಒಂದು ನಿಲುವು ತೆಗೆದುಕೊಂಡರೆ, ಅಂಥ ವಿಷಯಗಳಲ್ಲಿ ಪ್ರತಿಯೊಬ್ಬರೂ ಮೂರರಲ್ಲಿ ಎರಡು ಸಲವಾದರೂ ಗುಂಪಿನ ಜೊತೆ ನಿಲ್ಲಬೇಕು ಅಂತಾಯಿತು.

ಆ ಒಬ್ಬರು ನಮ್ಮ ಸಿಯಾಟಲ್‌ನ ಪ್ರಮೀಳಾ ಜಯಪಾಲ್. ಹುಟ್ಟಿದ್ದು ಚೆನ್ನೈ, ಹದಿನಾರನೇ ವಯಸ್ಸಿಗೆ ಒಬ್ಬರೇ ಅಮೆರಿಕಕ್ಕೆ ಓದಲು ಬಂದವರು. ಅವರ ತಾಯಿ ಬೆಂಗಳೂರಿನ ಇತಿಹಾಸದ ಬಗ್ಗೆ ಬರೆದ ಲೇಖಕಿ, ಇದು ಇಲ್ಲಿ ಎಷ್ಟು ಜನಕ್ಕೆ ಗೊತ್ತೋ.

2021ರಲ್ಲಿ ಈ ಹೊಸ ನಿಯಮಕ್ಕೆ ನಿಜವಾದ ಪರೀಕ್ಷೆ ಬಂತು. ಬೈಡನ್ ಎರಡು ಮಸೂದೆ ತಂದಿದ್ದರು. ಒಂದು ರಸ್ತೆ, ಸೇತುವೆ, ಬ್ರಾಡ್‌ಬ್ಯಾಂಡ್‌ಗೆ, ಸುಮಾರು 1.2 ಲಕ್ಷ ಕೋಟಿ ಡಾಲರ್. ಇನ್ನೊಂದು ‘ಬಿಲ್ಡ್ ಬ್ಯಾಕ್ ಬೆಟರ್’. ಮಕ್ಕಳ ಪಾಲನೆ, ಸಂಬಳ ಸಹಿತ ರಜೆ, ಔಷಧಿ ಬೆಲೆ, ಹವಾಮಾನ, ಎಲ್ಲ ಸೇರಿ ಮೊದಲಿಗೆ 3.5 ಲಕ್ಷ ಕೋಟಿ. ಮೊದಲನೆಯದು ಮಧ್ಯಮಮಾರ್ಗಿಗಳಿಗೆ ಬೇಕು. ಎರಡನೆಯದು ಎಡದವರಿಗೆ ಬೇಕು. ಕಾಕಸ್ ಹೇಳಿತು: ಎರಡೂ ಜೊತೆಗೇ ಹೋಗಬೇಕು, ಇಲ್ಲದಿದ್ದರೆ ರಸ್ತೆ ಮಸೂದೆಗೆ ನಮ್ಮ ಮತ ಇಲ್ಲ.

ಆಗಿನ ಸ್ಪೀಕರ್, ಡೆಮಾಕ್ರಟಿಕ್ ಪಕ್ಷದ ನ್ಯಾನ್ಸಿ ಪೆಲೋಸಿ ಸೆಪ್ಟೆಂಬರ್ ಕೊನೆಗೆ ಮತಕ್ಕೆ ಹಾಕುತ್ತೇನೆ ಅಂತ ಮಾತು ಕೊಟ್ಟಿದ್ದರು. ಅವರ ಹತ್ತಿರ ಇದ್ದ ಬಹುಮತ ಎಷ್ಟು ಗೊತ್ತಾ? ಮೂರು ಮತ ಕೈಬಿಟ್ಟರೆ ಕಷ್ಟ ಅನ್ನುವಷ್ಟು. ಕಾಕಸ್‌ನಲ್ಲಿ ಹತ್ತಾರು ಜನ ‘ಇಲ್ಲ’ ಅಂತ ಕೂತರು. ಮತದಾನ ಮುಂದೆ ಹೋಯಿತು. ಅಕ್ಟೋಬರ್ 1ಕ್ಕೆ ಅಧ್ಯಕ್ಷರೇ ಕ್ಯಾಪಿಟಲ್‌ಗೆ ಬಂದು, ಎರಡೂ ಒಟ್ಟಿಗೇ ಸಾಗಲಿ ಅನ್ನುವ ಅರ್ಥದಲ್ಲಿ ಮಾತಾಡಿ ಹೋದರು. ಈ ಕಾಕಸ್ ಹೀಗೆ ಒಗ್ಗಟ್ಟಾಗಿ ನಿಂತು ಸ್ವಂತ ಸ್ಪೀಕರ್‌ನ ತಡೆದದ್ದನ್ನು ಅದಕ್ಕೆ ಮೊದಲು ನಾನಂತೂ ನೋಡಿರಲಿಲ್ಲ.

ಗುಂಡಣ್ಣ

ನವೆಂಬರ್ 5ರ ಕಥೆಯನ್ನೂ ಹೇಳಿ ಮೇಡಂ. ಅರ್ಧಕ್ಕೇ ನಿಲ್ಲಿಸಬೇಡಿ.

ಶೈಲಜಾ_ಸಿಯಾಟಲ್

ಹೇಳುತ್ತೇನೆ, ನನಗೇನು ಮುಚ್ಚಿಡೋದಿಲ್ಲ.

ಅವತ್ತು ಶುಕ್ರವಾರ. ಬೆಳಗ್ಗೆ ಎರಡೂ ಮಸೂದೆ ಪಾಸು ಮಾಡಬೇಕು ಅಂತ ಬಂದರು. ಬೆರಳೆಣಿಕೆಯ ಮಧ್ಯಮಮಾರ್ಗಿಗಳು, ಖರ್ಚಿನ ಅಧಿಕೃತ ಅಂದಾಜು ಬರುವ ತನಕ ಎರಡನೆಯದಕ್ಕೆ ಮತ ಹಾಕಲ್ಲ ಅಂದರು. ಕಾಕಸ್, ಹಾಗಾದರೆ ಮೊದಲನೆಯದೂ ಇಲ್ಲ ಅಂತು. ಇಡೀ ದಿನ ಹಗ್ಗಜಗ್ಗಾಟ. ಕಪ್ಪು ಸದಸ್ಯರ ಕೂಟವಾದ ಬ್ಲ್ಯಾಕ್ ಕಾಕಸ್ ನಡುವೆ ಬಂದು ದಾರಿ ಹುಡುಕಿತು. ಬೈಡನ್ ಫೋನ್ ಮಾಡಿದರು. ಕೊನೆಗೆ ಐದು ಜನ ಮಧ್ಯಮಮಾರ್ಗಿಗಳು ಒಂದು ಹೇಳಿಕೆಗೆ ಸಹಿ ಹಾಕಿದರು: ಅಂದಾಜು ಸರಿಹೊಂದಿದರೆ ಎರಡನೆಯದಕ್ಕೂ ಮತ ಹಾಕುತ್ತೇವೆ. ಆ ಕಾಗದವನ್ನು ನಂಬಿ ಕಾಕಸ್ ಒಪ್ಪಿತು. ಮಧ್ಯರಾತ್ರಿ ಹತ್ತಿರವಾಗುವಾಗ ರಸ್ತೆ ಮಸೂದೆ 228–206ರಲ್ಲಿ ಪಾಸಾಯಿತು. ಹದಿಮೂರು ರಿಪಬ್ಲಿಕನ್ನರು ಪರವಾಗಿ, ಆರು ಡೆಮಾಕ್ರಟರು ವಿರುದ್ಧ. ಆ ಆರು ಜನ ಅಲೆಕ್ಸಾಂಡ್ರಿಯಾ ಒಕಾಸಿಯೊ-ಕಾರ್ಟೆಜ್, ಇಲ್ಹಾನ್ ಒಮರ್, ರಶೀದಾ ತ್ಲೈಬ್, ಅಯಾನಾ ಪ್ರೆಸ್ಲಿ, ಕೋರಿ ಬುಷ್, ಜಮಾಲ್ ಬೌಮನ್.

ಐವರೂ ಮಾತು ಉಳಿಸಿಕೊಂಡರು ಅನ್ನಿ. ನವೆಂಬರ್ 19ಕ್ಕೆ ಎರಡನೆಯದೂ ಹೌಸ್‌ನಲ್ಲಿ 220–213ಕ್ಕೆ ಪಾಸಾಯಿತು. ಆದರೆ ಸೆನೆಟ್ 50–50. ಡಿಸೆಂಬರ್ 19ಕ್ಕೆ ಡೆಮಾಕ್ರಟಿಕ್ ಸೆನೆಟರ್ ಜೋ ಮಂಚಿನ್ ಟಿವಿಯಲ್ಲಿ ಕೂತು ‘ನನ್ನ ಕೈಲಿ ಆಗಲ್ಲ’ ಅಂದರು. ಅಲ್ಲಿಗೆ ಮುಗಿಯಿತು. ಆ ಹೊತ್ತಿಗೆ ರಸ್ತೆ ಮಸೂದೆ ಕಾನೂನಾಗಿ ಒಂದು ತಿಂಗಳು ದಾಟಿತ್ತು. ಒತ್ತೆ ಇಟ್ಟುಕೊಳ್ಳಲು ಎಡದವರ ಕೈಯಲ್ಲಿ ಏನೂ ಉಳಿದಿರಲಿಲ್ಲ.

ಗುಂಡಣ್ಣ

ಅಷ್ಟೇ ನಾನು ಹೇಳೋದು. ಆರು ಜನಕ್ಕೆ ಅರ್ಥವಾದದ್ದು ಉಳಿದ ತೊಂಬತ್ತು ಜನಕ್ಕೆ ಅರ್ಥವಾಗಲಿಲ್ಲ.

ಶೈಲಜಾ_ಸಿಯಾಟಲ್

ಆರು ಜನ ‘ಇಲ್ಲ’ ಅಂದರೂ ಮಸೂದೆ ನಿಲ್ಲಲಿಲ್ಲ ಅಲ್ವಾ, ಹದಿಮೂರು ರಿಪಬ್ಲಿಕನ್ ಮತ ಇತ್ತಲ್ಲ. ಇರಲಿ. 2022ರ ಆಗಸ್ಟ್‌ನಲ್ಲಿ ಇನ್‌ಫ್ಲೇಷನ್ ರಿಡಕ್ಷನ್ ಆ್ಯಕ್ಟ್ ಬಂತಲ್ಲ, ಅದು ಇದೇ ಮಸೂದೆಯ ಉಳಿಕೆ. ಮೆಡಿಕೇರ್ ಅನ್ನುವ ಸರ್ಕಾರಿ ಆರೋಗ್ಯ ವಿಮೆಯಲ್ಲಿರುವ ಹಿರಿಯರಿಗೆ ಇನ್ಸುಲಿನ್ ತಿಂಗಳಿಗೆ 35 ಡಾಲರ್ ಮೀರಬಾರದು, ಔಷಧಿ ಕಂಪನಿಗಳ ಜೊತೆ ಮೆಡಿಕೇರ್ ಬೆಲೆಗೆ ಚೌಕಾಸಿ ಮಾಡಬಹುದು, ಹವಾಮಾನಕ್ಕೆ ದೊಡ್ಡ ಹಣ. ಹೋದದ್ದು ಯಾವುದು? ಮಕ್ಕಳ ಪಾಲನೆ, ಸಂಬಳ ಸಹಿತ ರಜೆ, ಮತ್ತು ಮಕ್ಕಳಿರುವ ಮನೆಗಳಿಗೆ ಪ್ರತಿ ಮಗುವಿಗೂ ತಿಂಗಳಿಗೆ 250ರಿಂದ 300 ಡಾಲರ್ ಬರುತ್ತಿದ್ದದ್ದು. ಅದು 2021ರ ಜುಲೈಗೆ ಶುರುವಾಗಿ ಡಿಸೆಂಬರ್‌ಗೆ ನಿಂತುಹೋಯಿತು. ನಿಂತ ತಿಂಗಳು ಮನೆ ಬಾಡಿಗೆಗೆ ಪರದಾಡಿದವರಿಗೆ ಇದೆಲ್ಲ ಸಂಸತ್ತಿನ ಆಟ ಅಲ್ಲ.

ಸುಮ್ನೆ_ಓದುಗ

ಟಿವಿ ಚರ್ಚೆಗಿಂತ ಈ ಥ್ರೆಡ್ ವಾಸಿ. ಮುಂದುವರಿಸಿ.

ತುಂಗಾತೀರ

2021 ಮೊದಲ ಸಲ ಏನಲ್ಲ. 2009ರಲ್ಲಿ ಒಬಾಮಾ ಆರೋಗ್ಯ ಮಸೂದೆ ಬಂದಾಗ ಎಡಪಂಥದ ಸುಮಾರು 60 ಸದಸ್ಯರು ಪತ್ರ ಬರೆದಿದ್ದರು: ಖಾಸಗಿ ವಿಮೆಗಳ ಜೊತೆ ಸ್ಪರ್ಧೆಗೆ ಸರ್ಕಾರದ್ದೂ ಒಂದು ವಿಮೆ ಇರಬೇಕು, ಇಲ್ಲದ ಮಸೂದೆಗೆ ನಮ್ಮ ಮತ ಇಲ್ಲ. ಸೆನೆಟ್ ಅದನ್ನು ಕಿತ್ತುಹಾಕಿತು. 2010ರ ಮಾರ್ಚ್‌ಗೆ ಪತ್ರ ಬರೆದವರಲ್ಲಿ ಬಹುತೇಕರು ಒಬ್ಬೊಬ್ಬರಾಗಿ ‘ಸರಿ’ ಅಂದರು.

ಕೊನೆಯ ತನಕ ಗಟ್ಟಿಯಾಗಿ ನಿಂತವರು ಒಹಾಯೊದ ಡೆನಿಸ್ ಕುಸಿನಿಚ್. ಹಿಂದೆ ಕಾಕಸ್ ಮುಖ್ಯಸ್ಥರಾಗಿದ್ದವರು. ಒಬಾಮಾ ಅವರನ್ನು ಏರ್ ಫೋರ್ಸ್ ಒನ್ ವಿಮಾನದಲ್ಲಿ ಕೂರಿಸಿಕೊಂಡು ಅವರದ್ದೇ ಕ್ಲೀವ್‌ಲ್ಯಾಂಡ್ ಕಡೆಯ ಸಭೆಗೆ ಹೋದರು. ಅಲ್ಲಿ ಸೇರಿದ ಜನರಲ್ಲಿ ಒಬ್ಬರು ‘ಹೌದು ಅಂತ ಮತ ಹಾಕಿ’ ಅಂತ ಕೂಗಿದರು. ಒಬಾಮಾ ನಗುತ್ತಾ, ಕೇಳಿಸಿತಾ ಡೆನಿಸ್ ಅಂದರು. ಎರಡು ದಿನಕ್ಕೆ ಕುಸಿನಿಚ್ ಪತ್ರಿಕಾಗೋಷ್ಠಿ ಕರೆದು ಬೆಂಬಲ ಘೋಷಿಸಿದರು. ಮಸೂದೆ ಪಾಸಾಗಿದ್ದು 219–212ಕ್ಕೆ. ನಾಲ್ಕು ಮತ ಆ ಕಡೆ ಹೋಗಿದ್ದರೆ ಬಿದ್ದುಹೋಗುತ್ತಿತ್ತು.

ನನ್ನ ಪ್ರಕಾರ ರಾಘು ಪ್ರಶ್ನೆಗೆ ಉತ್ತರ ಇರುವುದು ಇಲ್ಲೇ. ಫ್ರೀಡಂ ಕಾಕಸ್‌ಗೆ ಬೇಕಾಗಿರೋದು ಸರ್ಕಾರ ಖರ್ಚು ಮಾಡದೇ ಇರುವುದು. ಮಸೂದೆ ಬಿದ್ದರೆ ಅವರಿಗೆ ಗೆಲುವು. ಎಡದವರಿಗೆ ಬೇಕಾಗಿರೋದು ಸರ್ಕಾರ ಏನಾದರೂ ಕೊಡುವುದು. ಮಸೂದೆ ಬಿದ್ದರೆ ಮೊದಲು ಪೆಟ್ಟು ಬೀಳುವುದು ಅವರ ಮತದಾರರಿಗೇ. ಎದುರಿಗಿರುವವರಿಗೆ ಇದು ಚೆನ್ನಾಗಿ ಗೊತ್ತು. ‘ಬೀಳಿಸುತ್ತೇವೆ’ ಅಂತ ಹೆದರಿಸಿದರೆ ಹೆದರುವವರು ಯಾರು? ಅರ್ಧ ರೊಟ್ಟಿ ಸಿಕ್ಕರೂ ಹಸಿದವನು ಎದ್ದು ಹೋಗಲ್ಲ ಅಂತ ಅವರಿಗೆ ಗೊತ್ತು.

ಧಾರವಾಡದಾಂವ

ತುಂಗಾತೀರ ಸರ್ ಮಾತು ಅರ್ಧ ಒಪ್ಪಿದೆ. ಇನ್ನರ್ಧಕ್ಕೆ ನಮ್ಮ ದೇಶದ ಉದಾಹರಣೆ ನೋಡ್ರಿ.

2004ರಲ್ಲಿ ಲೋಕಸಭೆಯಲ್ಲಿ ಎಡಪಕ್ಷಗಳಿಗೆ 59 ಸೀಟು. ಮನಮೋಹನ್ ಸಿಂಗ್ ಸರ್ಕಾರಕ್ಕೆ ಹೊರಗಿನಿಂದ ಬೆಂಬಲ. ಮಂತ್ರಿಗಿರಿ ಬೇಡ, ಕನಿಷ್ಠ ಕಾರ್ಯಕ್ರಮ ಅಂತ ಒಂದು ಕಾಗದ ಮಾಡಿಕೊಂಡರು, ಅದನ್ನು ಹಿಡಿದು ಕೂತರು. 2005ರಲ್ಲಿ ಉದ್ಯೋಗ ಖಾತ್ರಿ ಬಂತು. 2006ರಲ್ಲಿ ಅರಣ್ಯ ಹಕ್ಕು ಕಾನೂನು ಬಂತು. ಬರೀ ಎಡದವರೇ ತಂದರು ಅನ್ನೋದಿಲ್ಲ, ಆದರೆ ಅವರ ಒತ್ತಡ ಇಲ್ಲದೆ ಆ ರೂಪದಲ್ಲಿ ಬರ್ತಿರಲಿಲ್ಲ. ಅಂದರೆ ‘ಕೊಡಿ’ ಅನ್ನುವವರೂ ಹೆದರಿಸಬಹುದು. ಬಿಟ್ಟು ಹೋಗೋಕೆ ತಯಾರಿರಬೇಕು ಅಷ್ಟೇ.

ಆದರೆ ಬಿಟ್ಟು ಹೋದ ಮೇಲೆ ಏನಾಯಿತು? 2008ರ ಜುಲೈ, ಅಣು ಒಪ್ಪಂದ. ಬೆಂಬಲ ವಾಪಸ್. ಜುಲೈ 22ರ ವಿಶ್ವಾಸಮತದಲ್ಲಿ ಸರ್ಕಾರ 275–256ರಲ್ಲಿ ಉಳಿದುಕೊಂಡಿತು. ಮರುವರ್ಷದ ಚುನಾವಣೆಯಲ್ಲಿ ಎಡರಂಗ 24ಕ್ಕೆ ಇಳಿಯಿತು. ಬೆದರಿಕೆ ಒಂದೇ ಸಲ ಬಳಸಬಹುದಾದ ಸಾಮಾನು, ನೋಡ್ರಿ.

ಇನ್ನೊಂದು ಮಾತು. ಪ್ರೋಗ್ರೆಸ್ಸಿವ್ ಕಾಕಸ್ ಥರದ್ದು ಈಗ ನಮ್ಮ ಸಂಸತ್ತಿನಲ್ಲಿ ಆಗೋದೇ ಇಲ್ಲ. ಒಂದು ಕಾಲಕ್ಕೆ ಇತ್ತು. ಕಾಂಗ್ರೆಸ್ ಒಳಗೇ 1934ರಲ್ಲಿ ಕಾಂಗ್ರೆಸ್ ಸೋಷಿಯಲಿಸ್ಟ್ ಪಾರ್ಟಿ ಹುಟ್ಟಿತು. ಅರವತ್ತರ ದಶಕದಲ್ಲಿ ‘ಯುವ ತುರ್ಕರು’ ಅಂತ ಚಂದ್ರಶೇಖರ್, ಮೋಹನ್ ಧಾರಿಯಾ, ಕೃಷ್ಣಕಾಂತ್ ಬ್ಯಾಂಕ್ ರಾಷ್ಟ್ರೀಕರಣ ಮಾಡಿ ಅಂತ ಸ್ವಂತ ಪಕ್ಷದ ಮೇಲೇ ಬಿದ್ದಿದ್ದರು. 1985ರಲ್ಲಿ ಪಕ್ಷಾಂತರ ನಿಷೇಧ ಕಾನೂನು ಬಂತು. ಈಗ ವಿಪ್ ಮೀರಿ ಮತ ಹಾಕಿದರೆ ಸೀಟೇ ಹೋಗಬಹುದು. ಮಾತಾಡಬಹುದು, ಮುನಿಸಿಕೊಳ್ಳಬಹುದು, ರೆಸಾರ್ಟಿಗೂ ಹೋಗಬಹುದು. ಮಸೂದೆ ವಿರುದ್ಧ ಕೈ ಎತ್ತಿ ಪಕ್ಷದಲ್ಲೇ ಉಳಿಯೋದು ಮಾತ್ರ ಕಷ್ಟ.

ಲಂಡನ್_ಕನ್ನಡತಿ

ರೆಸಾರ್ಟ್ ಮಾತಿಗೆ ಜೋರಾಗಿ ನಕ್ಕೆ.

ಬ್ರಿಟನ್ನಿನದು ಎರಡರ ಮಧ್ಯೆ. ವಿಪ್ ಇದೆ, ಮೀರಿದರೆ ಸೀಟು ಹೋಗಲ್ಲ, ಪಕ್ಷ ಹೊರಗೆ ಹಾಕಬಹುದು. ಲೇಬರ್ ಪಕ್ಷದ ಎಡ ಸಂಸದರದ್ದು ‘ಸೋಷಿಯಲಿಸ್ಟ್ ಕ್ಯಾಂಪೇನ್ ಗ್ರೂಪ್’ ಅಂತ 1982ರಿಂದ ಇದೆ. 2024ರ ಜುಲೈಯಲ್ಲಿ, ಅದೇ ಪಕ್ಷದ ಸ್ಟಾರ್ಮರ್ ಸರ್ಕಾರ ಬಂದು ಮೂರು ವಾರವೂ ಆಗಿರಲಿಲ್ಲ. ಎರಡಕ್ಕಿಂತ ಹೆಚ್ಚು ಮಕ್ಕಳಿರುವ ಬಡ ಕುಟುಂಬಗಳಿಗೆ ಮೂರನೇ ಮಗುವಿನಿಂದ ನೆರವು ಇಲ್ಲ ಅನ್ನುವ ಹಳೇ ನಿಯಮ ತೆಗೆಯಿರಿ ಅಂತ ತಿದ್ದುಪಡಿ ಬಂತು. ಏಳು ಲೇಬರ್ ಸಂಸದರು ಅದರ ಪರ ಮತ ಹಾಕಿದರು. ಜಾನ್ ಮೆಕ್‌ಡೊನೆಲ್, ಜಾರಾ ಸುಲ್ತಾನಾ ಅವರಲ್ಲಿದ್ದರು. ಅವತ್ತು ರಾತ್ರಿಯೇ ಏಳೂ ಜನ ಆರು ತಿಂಗಳಿಗೆ ಅಮಾನತು. ಆಮೇಲೆ 2025ರ ನವೆಂಬರ್ ಬಜೆಟ್‌ನಲ್ಲಿ ಅದೇ ಸರ್ಕಾರ ಅದೇ ನಿಯಮವನ್ನು ತೆಗೆಯುತ್ತೇವೆ ಅಂತ ಘೋಷಿಸಿತು! ಹೊರಗೆ ಹಾಕಿಸಿಕೊಂಡವರ ಮಾತು ಒಂದೂವರೆ ವರ್ಷದೊಳಗೆ ಸರ್ಕಾರದ ಮಾತಾಯಿತು. ಮಧ್ಯೆ ಆ ಮಕ್ಕಳು ಕಾದರು, ಅಷ್ಟೇ.

ಇದೇ ಗ್ರೂಪಿನ ಜೆರೆಮಿ ಕಾರ್ಬಿನ್ 2015ರಲ್ಲಿ ಪಕ್ಷದ ನಾಯಕರೇ ಆದರು. ಸ್ಪರ್ಧೆಗೆ 35 ಸಂಸದರ ಸೂಚನೆ ಬೇಕಿತ್ತು. ಗಡುವು ಮುಗಿಯುವ ಕೊನೆ ನಿಮಿಷಗಳಲ್ಲಿ 36 ಸಿಕ್ಕಿತು. ಅದರಲ್ಲಿ ಕೆಲವರು ‘ನನ್ನ ಮತ ಇವರಿಗಲ್ಲ, ಸುಮ್ನೆ ಚರ್ಚೆಯಾಗಲಿ’ ಅಂತ ಸಹಿ ಹಾಕಿದವರು. ಪಕ್ಷದ ಸದಸ್ಯರು, ನೋಂದಾಯಿತ ಬೆಂಬಲಿಗರ ಮತ ಎಣಿಸಿದಾಗ 59.5 ಶೇಕಡಾ! ಸಂಸದರಲ್ಲಿ ಒಂದು ಹಿಡಿ, ಸದನದ ಹೊರಗೆ ಬಹುಮತ. ಕಾಕಸ್ ಬಲವನ್ನು ಬರೀ ಸದನದಲ್ಲಿ ಎಣಿಸಬಾರದು ಅಂತ ನನಗನ್ನಿಸುತ್ತದೆ.

ಗುಂಡಣ್ಣ

ಹೊರಗೆ ಎಣಿಸಿದರೆ ದುಡ್ಡನ್ನೂ ಎಣಿಸಿ. 2024ರಲ್ಲಿ ಆ ಆರರಲ್ಲಿ ಇಬ್ಬರು, ಬೌಮನ್ ಮತ್ತು ಬುಷ್, ತಮ್ಮದೇ ಪಕ್ಷದ ಪ್ರೈಮರಿಯಲ್ಲಿ, ಅಂದರೆ ಅಭ್ಯರ್ಥಿ ಆರಿಸುವ ಚುನಾವಣೆಯಲ್ಲಿ, ಸೋತರು. ಇಸ್ರೇಲ್ ಪರ ಲಾಬಿಯ ಹಣ ಕೋಟಿಗಟ್ಟಲೆ ಡಾಲರ್ ಸುರಿಯಿತು. ಕಾಕಸ್ ಏನು ಮಾಡಿತು? ಕಾಪಾಡೋಕಾಯ್ತಾ?

ಶೈಲಜಾ_ಸಿಯಾಟಲ್

ಆಗಲಿಲ್ಲ. ಅದು ದೊಡ್ಡ ಪೆಟ್ಟೇ. ಎದುರು ನಿಂತವರಿಗೂ ಕ್ಷೇತ್ರದಲ್ಲಿ ಸ್ವಂತ ಬಲ ಇತ್ತು, ಅದನ್ನೂ ಹೇಳಬೇಕು. ಕಾಕಸ್‌ನ ಕೆಟ್ಟ ದಿನ ಕೇಳಿದರೆ ನಾನು 2022ರ ಅಕ್ಟೋಬರ್ ಹೇಳುತ್ತೇನೆ. ಉಕ್ರೇನ್ ಯುದ್ಧ ನಿಲ್ಲಿಸಲು ರಷ್ಯಾ ಜೊತೆ ಮಾತುಕತೆಗೂ ಪ್ರಯತ್ನಿಸಿ ಅಂತ 30 ಸದಸ್ಯರ ಪತ್ರ ಹೊರಬಂತು. ಗಲಾಟೆಯಾಯಿತು. ಮರುದಿನವೇ ವಾಪಸ್. ತಿಂಗಳುಗಳ ಹಿಂದಿನ ಪತ್ರ, ಸಿಬ್ಬಂದಿ ಸರಿಯಾಗಿ ನೋಡದೆ ಬಿಟ್ಟರು ಅಂತ ವಿವರಣೆ. ನಿಲುವು ಸರಿಯೋ ತಪ್ಪೋ, 24 ಗಂಟೆ ನಿಲ್ಲದ ಪತ್ರಕ್ಕೆ ಯಾರು ಬೆಲೆ ಕೊಡುತ್ತಾರೆ?

ರಾಘು_ಸನ್ನಿವೇಲ್

ಎಲ್ಲರಿಗೂ ಥ್ಯಾಂಕ್ಸ್. ಇನ್ನೊಂದು ಪ್ರಶ್ನೆ. ನಮ್ಮ ಚಿಕ್ಕೋಡಿಯಲ್ಲಿ ಹುಟ್ಟಿದ ಶ್ರೀ ಥಾನೇದಾರ್ ಮಿಷಿಗನ್‌ನಿಂದ ಹೌಸ್‌ನಲ್ಲಿದ್ದಾರಲ್ಲ. ಅವರು ಸೋಷಿಯಲಿಸ್ಟರು ಅಂತ ಕೇಳಿದ್ದೆ. ಅದೂ ಇದೂ ಒಂದೇನಾ?

ಧಾರವಾಡದಾಂವ

ಬೇರೆ ಬೇರೆ ರೀ. ಅದು ಡಿಎಸ್‌ಎ, ಡೆಮಾಕ್ರಟಿಕ್ ಸೋಷಿಯಲಿಸ್ಟ್ಸ್ ಆಫ್ ಅಮೆರಿಕಾ. ಸದನದ ಹೊರಗಿನ ಸಂಘಟನೆ, ಯಾರು ಬೇಕಾದರೂ ಸದಸ್ಯರಾಗಬಹುದು. ಥಾನೇದಾರ್ ಅದರಲ್ಲಿದ್ದರು, 2023ರ ಅಕ್ಟೋಬರ್‌ನಲ್ಲಿ ಇಸ್ರೇಲ್ ಮೇಲಿನ ದಾಳಿಯ ನಂತರ ಬಿಟ್ಟರು. ಬೆಳಗಾವಿಯಲ್ಲಿ ಬೆಳೆದವರು, ಮನೆಮಾತು ಮರಾಠಿ. ಗಡಿ ಜಗಳ ಇಲ್ಲಿ ತರಬೇಡ್ರಿ ದಯವಿಟ್ಟು.

ತುಂಗಾತೀರ

ಹಾಗಾದರೆ ರೋ ಖನ್ನಾ ಕಡೆಗೇ ಬರೋಣ. ವಿರೋಧ ಪಕ್ಷದಲ್ಲಿ ಕೂತಿರುವಾಗ ಇವರ ಕೈಲಿ ಏನಾಗುತ್ತದೆ ಅನ್ನೋದಕ್ಕೆ ಒಳ್ಳೆಯ ಉದಾಹರಣೆ ಅವರದ್ದೇ ಇದೆ. ಅಮೆರಿಕದ ಹೌಸ್‌ನಲ್ಲಿ ‘ಡಿಸ್ಚಾರ್ಜ್ ಪಿಟಿಷನ್’ ಅಂತ ಒಂದು ದಾರಿ. ಸ್ಪೀಕರ್ ಒಂದು ಮಸೂದೆ ಮೇಲೆ ಕೂತುಬಿಟ್ಟರೆ, 435ರಲ್ಲಿ 218 ಸದಸ್ಯರು ಸಹಿ ಹಾಕಿ ಅದನ್ನು ಮತಕ್ಕೆ ಎಳೆದು ತರಬಹುದು. ಸಾಮಾನ್ಯವಾಗಿ ಸಹಿ ಅಷ್ಟು ಬರೋದೇ ಇಲ್ಲ. ಆಡಳಿತ ಪಕ್ಷದವರು ಸ್ವಂತ ಸ್ಪೀಕರ್ ವಿರುದ್ಧ ಸಹಿ ಹಾಕಬೇಕಲ್ಲ.

2025ರಲ್ಲಿ ಖನ್ನಾ, ಕೆಂಟಕಿಯ ರಿಪಬ್ಲಿಕನ್ ಥಾಮಸ್ ಮಾಸಿ ಜೊತೆ ಸೇರಿ ಲೈಂಗಿಕ ಅಪರಾಧಿ ಜೆಫ್ರಿ ಎಪ್‌ಸ್ಟೀನ್ ಕುರಿತ ಸರ್ಕಾರಿ ಕಡತ ಬಹಿರಂಗ ಮಾಡಿ ಅಂತ ಇದನ್ನೇ ತಂದರು. ಮಾಸಿ ಸೇರಿ ನಾಲ್ಕು ರಿಪಬ್ಲಿಕನ್ನರು ಸಹಿ ಹಾಕಿದರು. ಒಂದು ಸಹಿ ಕಡಿಮೆ. ಅರಿಜೋನಾದಲ್ಲಿ ಸೆಪ್ಟೆಂಬರ್ 23ರ ಉಪಚುನಾವಣೆಯಲ್ಲಿ ಡೆಮಾಕ್ರಟಿಕ್ ಪಕ್ಷದ ಅಡೆಲಿಟಾ ಗ್ರಿಹಾಲ್ವಾ ಗೆದ್ದರು. ಸ್ಪೀಕರ್ ಮೈಕ್ ಜಾನ್ಸನ್ ಏಳು ವಾರ ಪ್ರಮಾಣವಚನವನ್ನೇ ಕೊಡಿಸಲಿಲ್ಲ. ನವೆಂಬರ್ 12ಕ್ಕೆ ಕೊಡಿಸಿದರು. ಅವರು ಅಲ್ಲಿಂದ ನೇರ ಹೋಗಿ 218ನೇ ಸಹಿ ಹಾಕಿದರು. ಒಂದು ವಾರದೊಳಗೆ ಮಸೂದೆ 427–1ರಲ್ಲಿ ಪಾಸಾಯಿತು.

ಅಡೆಲಿಟಾ ಅವರ ತಂದೆ ರಾಊಲ್ ಗ್ರಿಹಾಲ್ವಾ ಹತ್ತು ವರ್ಷ ಈ ಕಾಕಸ್‌ನ ಸಹಮುಖ್ಯಸ್ಥರಾಗಿದ್ದವರು, ಆ ಮಾರ್ಚ್‌ನಲ್ಲಿ ತೀರಿಕೊಂಡಿದ್ದರು. ಖಾಲಿಯಾದದ್ದು ಅವರ ಸೀಟೇ.

ಗುಂಡಣ್ಣ

ಅದು ಎಡಪಂಥದ ಗೆಲುವು ಹೇಗೆ ಸರ್? ಎಪ್‌ಸ್ಟೀನ್ ಕಡತ ಎಲ್ಲರಿಗೂ ಬೇಕಿತ್ತು. ಕನಿಷ್ಠ ಕೂಲಿಗೆ 218 ಸಹಿ ತಂದು ತೋರಿಸಲಿ.

ಶೈಲಜಾ_ಸಿಯಾಟಲ್

ತರೋದು ಈಗ ಟೆಕ್ಸಸ್‌ನ ಗ್ರೆಗ್ ಕಸಾರ್ ತಲೆನೋವು. 2025ರ ಜನವರಿಯಿಂದ ಕಾಕಸ್ ಮುಖ್ಯಸ್ಥರು ಅವರು. ಕೂಲಿ, ಬೆಲೆ, ಮನೆ ಖರ್ಚು ಇದನ್ನೇ ಮುಂದಿಟ್ಟು ಪಕ್ಷ ದುಡಿಯುವವರ ಕಡೆ ವಾಪಸ್ ಬರಬೇಕು ಅಂತ ಹೇಳುತ್ತಿದ್ದಾರೆ. 2019ರಲ್ಲಿ 15 ಡಾಲರ್ ಕೂಲಿ ಮಸೂದೆ ಹೌಸ್‌ನಲ್ಲಿ 231–199ಕ್ಕೆ ಪಾಸಾಗಿತ್ತು ಗುಂಡಣ್ಣ, ಸೆನೆಟ್‌ನಲ್ಲಿ ಕೊಳೆಯಿತು. 2021ರಲ್ಲಿ ಮತ್ತೆ ತಂದಾಗ ಎಂಟು ಮಂದಿ ಡೆಮಾಕ್ರಟಿಕ್ ಕಡೆಯ ಸೆನೆಟರ್‌ಗಳೇ ಕೈ ಕೊಟ್ಟರು. ಹೌಸ್‌ನ ಕಾಕಸ್‌ಗೆ ಎಷ್ಟು ಬೈದರೂ ಆ ಎಂಟು ಜನ ಅಲ್ಲಿ ಇರಲಿಲ್ಲ.

ಗುಂಡಣ್ಣ

ಸರಿ, ಸೆನೆಟ್‌ಗೆ ಬೇರೆ ಥ್ರೆಡ್ ತೆಗೆಯಿರಿ. ಅಲ್ಲಿ ಬೈಯುತ್ತೇನೆ.